ಹೊಳೆಬದಿ ಟೆಂಟಿನಲ್ಲಿ ಊಟದ ಸಾಮಾನು: ಡ್ರಮ್ಮೋ, ಟ್ರಂಕೋ, ಮರದ ಕೊಂಬೆಯೋ?

ಹೊಳೆದಂಡೆಯಲ್ಲಿ ರಾತ್ರಿ ಕಳೆಯಲು ಹೊರಟವರಿಗೆ ಸಿಗುವ ಬುದ್ಧಿಮಾತು ಹೆಚ್ಚುಕಡಿಮೆ ಒಂದೇ: ಊಟದ ಚೀಲವನ್ನು ಮರಕ್ಕೆ ಎತ್ತರದಲ್ಲಿ ತೂಗುಹಾಕಿ. ಅಮೆರಿಕದ ಕಾಡುಗಳಲ್ಲಿ ಕರಡಿಗೆ ಹೆದರಿ ಹುಟ್ಟಿಕೊಂಡ ಉಪಾಯ ಇದು. ಕಾವೇರಿ, ಕಾಳಿ, ತುಂಗಾ, ಶರಾವತಿಯ ದಡಕ್ಕೆ ಅದನ್ನು ಹಾಗೆಯೇ ತಂದರೆ ಕೋತಿಗೆ ಎಲೆ ಹಾಕಿ ಬಡಿಸಿದ ಹಾಗೆ. ನಮ್ಮ ಹೊಳೆಗಳಲ್ಲಿ ಮುಖ್ಯ ಕಳ್ಳನಿಗೆ ಮರ ಹತ್ತುವುದು ಕಷ್ಟವಲ್ಲ, ಗಂಟು ಬಿಚ್ಚುವುದೂ ಕಷ್ಟವಲ್ಲ. ಅವನಿಗೆ ಕಷ್ಟವಾಗುವುದು ಬೆರಳಿಗೆ ಹಿಡಿತ ಸಿಗದ ಮುಚ್ಚಳ ಮಾತ್ರ. ಹಾಗಾಗಿ ಡಬ್ಬಿ ಆರಿಸುವ ಮೊದಲು ‘ಆ ದಡಕ್ಕೆ ಯಾರು, ಎಷ್ಟು ಹೊತ್ತಿಗೆ ಬರುತ್ತಾರೆ’ ಎಂದು ಕೇಳಿಕೊಳ್ಳಬೇಕು. ಬೆಲೆ, ತೂಕ, ಗಾತ್ರ ಎಲ್ಲ ಆಮೇಲೆ.

ಜಾಗದ ಬಗ್ಗೆಯೂ ಒಂದು ಮಾತು. ಕಾವೇರಿ ವನ್ಯಜೀವಿಧಾಮ, ಕಾಳಿ ಹುಲಿ ಸಂರಕ್ಷಿತ ಪ್ರದೇಶದಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಟೆಂಟು ಹಾಕುವಂತಿಲ್ಲ. ಅಲ್ಲಿ ಉಳಿಯುವ ಆಸೆಯಿದ್ದರೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿರುವ ಜಂಗಲ್ ಲಾಡ್ಜಸ್ ಶಿಬಿರಗಳಿವೆ. ದಾಂಡೇಲಿ, ಗಣೇಶಗುಡಿ ಕಡೆ ಹೋಂಸ್ಟೇಗಳಿವೆ. ಸ್ವಂತ ಟೆಂಟು, ಸ್ವಂತ ಒಲೆ ಎಂದರೆ ಸಾಮಾನ್ಯವಾಗಿ ಯಾರದೋ ತೋಟದ ಹೊಳೆಬದಿ, ಮಾಲೀಕರ ಒಪ್ಪಿಗೆಯ ಮೇಲೆ. ತೋಟದ ಪಕ್ಕ ಕಾಡಿದ್ದರೆ ಪ್ರಾಣಿಗಳಿಗೆ ಬೇಲಿಯ ಲೆಕ್ಕವಿಲ್ಲ, ಅದರಲ್ಲೂ ಅಡಿಕೆ ಬಾಳೆ ತೋಟಕ್ಕೆ ದಿನವೂ ಬಂದು ಅಭ್ಯಾಸವಾದ ಕೋತಿಗಳು ಕಾಡಿನವಕ್ಕಿಂತ ಚಾಲಾಕು.

ಹಗಲಿನ ಕಳ್ಳರು, ರಾತ್ರಿಯ ಕಳ್ಳರು

ಹಗಲು ಎಂದರೆ ಕೋತಿ. ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಕಾಣುವ, ತಲೆಯ ಮೇಲೆ ಟೋಪಿ ಇಟ್ಟಂತೆ ಕೂದಲಿರುವ ಸಾಮಾನ್ಯ ಮಂಗ. ಬೆಳಕು ಹರಿದ ಮೇಲೆ ಇಳಿಯುತ್ತದೆ, ಕತ್ತಲಾಗುವ ಮೊದಲು ಮರ ಸೇರುತ್ತದೆ, ರಾತ್ರಿ ಬರುವುದಿಲ್ಲ. ಟೆಂಟಿನ ಜಿಪ್ಪು ಎಳೆಯುತ್ತದೆ, ಎಳೆಯಲು ಬಾರದಿದ್ದರೆ ಬಟ್ಟೆ ಹರಿಯುತ್ತದೆ. ತಿರುಪಿನ ಮುಚ್ಚಳ ಕಚ್ಚಿ ತೆಗೆಯುತ್ತದೆ. ಚಿಪ್ಸ್ ಪೊಟ್ಟಣದ ಬಣ್ಣ ಮತ್ತು ಸರಬರ ಸದ್ದು ಅದಕ್ಕೆ ಚೆನ್ನಾಗಿ ಗೊತ್ತು. ಸಿಕ್ಕಿದ್ದನ್ನು ಅಲ್ಲೇ ಕೂತು ತಿನ್ನುವುದಿಲ್ಲ. ಕೆನ್ನೆಯ ಚೀಲಕ್ಕೆ ತುರುಕಿಕೊಂಡು ಮರ ಹತ್ತುತ್ತದೆ, ಅರ್ಧ ನಿಮಿಷದ ಕೆಲಸ. ಎಲ್ಲರೂ ಸ್ನಾನಕ್ಕೋ ಈಜಿಗೋ ನೀರಿಗಿಳಿದ ಹೊತ್ತೇ ಅದರ ಹೊತ್ತು. ಮೂರು ಮಂಗ ಎದುರಿಗೆ ಕೂತು ನಿಮ್ಮನ್ನು ನೋಡುತ್ತಿದ್ದರೆ ನಾಲ್ಕನೆಯದು ಟೆಂಟಿನ ಹಿಂದೆ ಇರುತ್ತದೆ ಎಂದೇ ತಿಳಿಯಿರಿ.

ಕಪ್ಪು ಮುಖದ ಮುಸುವ ಎಲೆ ತಿಂದುಕೊಂಡು ತನ್ನ ಪಾಡಿಗಿರುತ್ತದೆ, ಪ್ರವಾಸಿಗರು ಬಾಳೆಹಣ್ಣು ಕೊಟ್ಟು ರೂಢಿ ಮಾಡಿಸಿದ ಕಡೆ ಮಾತ್ರ ಕಾಟ. ಕಾಗೆ, ಅಳಿಲು, ಮುಂಗುಸಿ ತೆರೆದಿಟ್ಟಿದ್ದನ್ನಷ್ಟೇ ಒಯ್ಯುತ್ತವೆ. ಹಳ್ಳಿಯ ಹತ್ತಿರವಾದರೆ ನಾಯಿ. ಒಣಮೀನು, ಮೊಟ್ಟೆ, ಬೆಣ್ಣೆ ಇವಕ್ಕೆ ಕೋತಿಗಿಂತ ನಾಯಿಯೇ ದೊಡ್ಡ ಶತ್ರು.

ರಾತ್ರಿಯ ಪಟ್ಟಿಯೇ ಬೇರೆ. ಇಲಿ ಮತ್ತು ಹೆಗ್ಗಣಕ್ಕೆ ಹಲ್ಲು ಊರಲು ಒಂದು ಅಂಚು ಸಿಕ್ಕರೆ ಸಾಕು, ಪ್ಲಾಸ್ಟಿಕ್ಕನ್ನು ಅಲ್ಲಿಂದ ಕೊರೆಯುತ್ತವೆ. ಪುನುಗಿನ ಬೆಕ್ಕು ಮರದಿಂದ ಮರಕ್ಕೆ ಬಂದು ಹಣ್ಣನ್ನು ಹುಡುಕುತ್ತದೆ. ಮುಳ್ಳುಹಂದಿಗೆ ಆಲೂಗಡ್ಡೆ, ಗೆಣಸು. ಕಾಡುಹಂದಿ ಮೂತಿಯಿಂದ ತಳ್ಳಿ, ಉರುಳಿಸಿ, ಹೂತಿಟ್ಟ ಕಸವನ್ನು ಅಗೆದು ಹೋಗುತ್ತದೆ. ಕರಡಿ ಇರುವ ಕಡೆ ಬೆಲ್ಲ, ಜೇನು, ಮಾಗಿದ ಹಲಸು ಇಟ್ಟುಕೊಳ್ಳಲೇಬಾರದು. ತುಂಗಭದ್ರಾ ಸೀಮೆಯ ದರೋಜಿ ಕರಡಿಧಾಮದಲ್ಲಿ ಬಂಡೆಗೆ ಬೆಲ್ಲ ಸವರಿ ಕರಡಿಗಳನ್ನು ಕಣ್ಣೆದುರಿಗೆ ಬರಿಸುತ್ತಿದ್ದರು ಎಂದರೆ ಆ ಮೂಗಿನ ಶಕ್ತಿ ಊಹಿಸಿಕೊಳ್ಳಬಹುದು. ಕೊನೆಗೆ ಆನೆ. ಅದರ ಮಾತು ಕಡೆಯಲ್ಲಿ, ಏಕೆಂದರೆ ಅದಕ್ಕೆ ಯಾವ ಡಬ್ಬಿಯೂ ಉತ್ತರವಲ್ಲ.

ಇವರೆಲ್ಲರನ್ನೂ ಮೀರಿಸುವ, ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಕಳ್ಳ ಇರುವೆ. ಕೋತಿ ಒಂದು ಪೊಟ್ಟಣ ಒಯ್ದರೆ ಇರುವೆ ಐದು ಕಿಲೋ ಅಕ್ಕಿ, ಸಕ್ಕರೆ, ಅವಲಕ್ಕಿಯನ್ನು ಒಂದೇ ರಾತ್ರಿಯಲ್ಲಿ ತಿನ್ನಲಾಗದಂತೆ ಮಾಡುತ್ತದೆ. ಕಬ್ಬಿಣದ ಟ್ರಂಕು ಗೆಲ್ಲುವುದೋ ಸೋಲುವುದೋ ಎಂಬುದು ಬಹಳ ಸಲ ಇರುವೆಯ ಕೈಯಲ್ಲೇ ಇರುತ್ತದೆ.

ನೀಲಿ ಡ್ರಮ್

ಬಹುಪಾಲು ಹೊಳೆಪಯಣಗಳಿಗೆ ನಮ್ಮ ಮೊದಲ ಆಯ್ಕೆ ಇದೇ: ದಪ್ಪ ಪ್ಲಾಸ್ಟಿಕ್ಕಿನ, ಅಗಲ ಬಾಯಿಯ, ಕಬ್ಬಿಣದ ಬಳೆಯಿಂದ ಮುಚ್ಚಳ ಬಿಗಿಯುವ ಡ್ರಮ್. 30 ಲೀಟರಿನದು ನಾಲ್ವರಿಗೆ ಎರಡು ರಾತ್ರಿಗೆ ಸಾಕು, 60 ಲೀಟರಿನದು ತುಂಬಿದ ಮೇಲೆ ಒಬ್ಬರಿಂದ ಎತ್ತಲಾಗುವುದಿಲ್ಲ. ಒಂದು 60ರ ಬದಲು ಎರಡು 30 ಒಯ್ಯುವುದು ಮೇಲು. ತೆಪ್ಪದಲ್ಲೋ ರಾಫ್ಟಿನಲ್ಲೋ ಎರಡು ಕಡೆ ಭಾರ ಹಂಚಬಹುದು, ಒಂದು ಹೋದರೆ ಇನ್ನೊಂದು ಉಳಿಯುತ್ತದೆ.

ಇದರ ಬಲ ಇರುವುದು ಗಟ್ಟಿತನದಲ್ಲಿ ಅಲ್ಲ, ಆಕಾರದಲ್ಲಿ. ಮೈ ದುಂಡಗೆ, ನುಣ್ಣಗೆ ಇರುವುದರಿಂದ ಹೆಗ್ಗಣಕ್ಕೆ ಹಲ್ಲಿಡಲು ಅಂಚು ಸಿಗುವುದಿಲ್ಲ. ಮುಚ್ಚಳದ ಒಳಗಿನ ರಬ್ಬರ್ ವಾಷರ್ ವಾಸನೆಯನ್ನೂ ಇರುವೆಯನ್ನೂ ತಡೆಯುತ್ತದೆ. ಮಗುಚಿ ನೀರಿಗೆ ಬಿದ್ದರೂ ತೇಲುತ್ತದೆ.

ಸೋಲುವುದು ಎಲ್ಲಿ? ಬಳೆಯ ಕೊಂಡಿಯಲ್ಲಿ. ಅದು ಬರಿಯ ಬಿಗಿತದ ಮೇಲೆ ನಿಂತಿರುವ ಕೊಂಡಿ, ದೊಡ್ಡ ಗಂಡು ಕೋತಿ ಕೈ ಹಾಕಿ ಎಳೆದರೆ ತೆರೆದುಕೊಳ್ಳುವ ಸಾಧ್ಯತೆ ಇದೆ. ಕೊಂಡಿಯ ತುದಿಯಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ತೂತು ಇರುತ್ತದೆ. ಅದಕ್ಕೆ 6 ಮಿಲಿಮೀಟರಿನ ಬೋಲ್ಟು ಹಾಕಿ ನಟ್ಟನ್ನು ಕೈಯಿಂದ ತಿರುಗಿಸಿ ಬಿಗಿ ಮಾಡಿ. ಬೀಗವೂ ಆಗುತ್ತದೆ, ಆದರೆ ಕೀ ಹೊಳೆಗೆ ಬಿದ್ದರೆ ಅವತ್ತು ಎಲ್ಲರಿಗೂ ಏಕಾದಶಿ. ಸುತ್ತಿದ ತಂತಿ ಬೇಡ, ಕೋತಿ ಬಿಚ್ಚುತ್ತದೆ.

ಕೊಳ್ಳುವಾಗ ನೋಡಬೇಕಾದ್ದು ಮೂರು. ಹಳೆಯ ಡ್ರಮ್ ಆದರೆ ಮೊದಲು ಅದರಲ್ಲಿ ಏನಿತ್ತು ಎಂದು ಕೇಳಿ. ಔಷಧಿ, ಬಣ್ಣ, ಆಸಿಡ್ ತುಂಬಿದ್ದು ಎಷ್ಟು ತೊಳೆದರೂ ಊಟಕ್ಕೆ ಬೇಡ. ಉಪ್ಪಿನಕಾಯಿ, ಹಣ್ಣಿನ ರಸ, ಖಾದ್ಯ ತೈಲ ತುಂಬಿದ್ದಾದರೆ ಸೋಡಾಪುಡಿ ಹಾಕಿ ತೊಳೆದು, ಎರಡು ದಿನ ಬಿಸಿಲಿಗೆ ಬಾಯ್ತೆರೆದು ಇಡಿ. ಎರಡನೆಯದು ವಾಷರ್: ಹೊಸದಾಗಿ ಮುಚ್ಚಿ, ತೊಟ್ಟಿಯ ನೀರಿನೊಳಗೆ ಮುಚ್ಚಳದ ಕಡೆಯನ್ನು ಒತ್ತಿ ಒಂದು ನಿಮಿಷ ಹಿಡಿಯಿರಿ. ಗುಳ್ಳೆ ಬಂದ ಕಡೆ ವಾಷರ್ ಮಡಿಚಿದೆ ಅಥವಾ ಬಿರಿದಿದೆ. ಮೂರನೆಯದು ಬಳೆ: ತುಕ್ಕು ಹಿಡಿದರೆ ಪೂರ್ತಿ ಕೂರುವುದಿಲ್ಲ. ಹೊರಡುವ ಮುನ್ನ ಬಳೆಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ ಬಟ್ಟೆಯಿಂದ ಒರೆಸಿ; ವಾಷರಿಗೆ ಎಣ್ಣೆ ತಾಗಿಸಬೇಡಿ, ಊದಿಕೊಳ್ಳುತ್ತದೆ.

ಗಾಳಿಯಾಡದ ಡ್ರಮ್ಮಿನ ಕೆಟ್ಟ ಗುಣವೂ ಅದೇ ಗಾಳಿಯಾಡದಿರುವುದು. ಬಿಸಿ ಅನ್ನ, ಒದ್ದೆ ಸೊಪ್ಪು, ಫ್ರಿಜ್ಜಿನಿಂದ ತೆಗೆದ ತರಕಾರಿ ಒಳಗೆ ಹಾಕಿದರೆ ಮುಚ್ಚಳದ ಒಳಮೈ ಬೆವರಿ, ನೀರು ಅವಲಕ್ಕಿಯ ಮೇಲೆ ಬಿದ್ದು, ಎರಡನೆಯ ಬೆಳಗ್ಗೆ ಬೂಷ್ಟು. ತರಕಾರಿಯನ್ನು ಒರೆಸಿ, ಪೇಪರಿನಲ್ಲಿ ಸುತ್ತಿ ಹಾಕಿ. ನೆರಳಿನಲ್ಲಿಡಿ. ಬಿಸಿಲಿಗೆ ನಿಂತ ನೀಲಿ ಡ್ರಮ್ ಮಧ್ಯಾಹ್ನದ ಹೊತ್ತಿಗೆ ಒಲೆಯಿದ್ದ ಹಾಗೆ.

ಪೇಂಟ್ ಬಕೆಟ್ ಮಾದರಿಯ 20 ಲೀಟರ್ ಡಬ್ಬ

ಒತ್ತಿ ಮುಚ್ಚುವ ಮುಚ್ಚಳದ ಬಕೆಟ್ಟು ಡ್ರಮ್ಮಿಗಿಂತ ಅಗ್ಗ, ಹಗುರ, ಎಲ್ಲ ಕಡೆ ಸಿಗುತ್ತದೆ. ಬಣ್ಣ ಇದ್ದದ್ದು ಬೇಡ, ಎಣ್ಣೆಯೋ ಬೇಕರಿಯ ಸಾಮಾನೋ ಬಂದದ್ದು ಆಗಬಹುದು. ಮುಚ್ಚಳದ ಸುತ್ತ ಹೊರಚಾಚಿದ ಅಂಚೇ ಇದರ ದೋಷ. ಹೆಗ್ಗಣ ಅಲ್ಲಿಂದ ಶುರುಮಾಡುತ್ತದೆ, ಕೋತಿ ಅಲ್ಲೇ ಬೆರಳು ಸಿಕ್ಕಿಸುತ್ತದೆ. ಹೊಸದಿದ್ದಾಗ ನಿಮಗೇ ತೆಗೆಯಲು ಬಾರದಷ್ಟು ಬಿಗಿ, ಹತ್ತಿಪ್ಪತ್ತು ಸಲ ತೆಗೆದು ಹಾಕಿದ ಮೇಲೆ ಸಡಿಲ. ಒಂದೇ ರಾತ್ರಿ, ಕೋತಿ ಕಡಿಮೆ ಇರುವ ದಡ, ಕಣ್ಣಳತೆಯಲ್ಲಿ ಒಬ್ಬರು ಸದಾ ಇರುತ್ತಾರೆ ಎಂದಾದರೆ ಸಾಕು. ಇದರ ಸರಿಯಾದ ಕೆಲಸ ಬೇರೆಯದೇ: ಕಸದ ಡಬ್ಬಿಯಾಗಿ ಇದಕ್ಕಿಂತ ಒಳ್ಳೆಯದು ಇಲ್ಲ.

ಟ್ರಂಕು, ಹಾಲಿನ ಕ್ಯಾನು, ಕುಕ್ಕರು

ಕಬ್ಬಿಣದ ಟ್ರಂಕನ್ನು ಹಂದಿ, ಹೆಗ್ಗಣ, ಮುಳ್ಳುಹಂದಿ ಏನೂ ಮಾಡಲಾರವು. ಚಿಲಕಕ್ಕೆ ಬೀಗ ಹಾಕಿದರೆ ಕೋತಿಯೂ ಸೋತಂತೆ; ಬರಿಯ ಚಿಲಕವನ್ನಾದರೆ ಎತ್ತಿಬಿಡುತ್ತದೆ. ಆದರೆ ಮುಚ್ಚಳದ ಸಂದಿಯಲ್ಲಿ ಇರುವೆಗೆ ರಾಜಮಾರ್ಗ, ವಾಸನೆಗೆ ತಡೆಯಿಲ್ಲ, ನೀರು ಬಿದ್ದರೆ ಒಳಗೆ ಹೋಗುತ್ತದೆ, ದೋಣಿ ಮಗುಚಿದರೆ ಮುಳುಗುತ್ತದೆ. ಜೀಪು ಹೋಗುವ ಜಾಗದಲ್ಲಿ, ದೊಡ್ಡ ತಂಡಕ್ಕೆ, ಮೂರು ನಾಲ್ಕು ದಿನ ಒಂದೇ ಕಡೆ ಇರುವವರಿಗೆ ಟ್ರಂಕು ಸರಿ. ಇರುವೆಗೆ ಅಡುಗೆಮನೆಯ ಹಳೆಯ ಉಪಾಯವೇ ಮದ್ದು: ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಪ್ರತಿ ಕಲ್ಲಿನ ಕೆಳಗೆ ನೀರು ತುಂಬಿದ ತಟ್ಟೆ, ನೀರಿಗೆ ಎರಡು ಹನಿ ಸೋಪು. ಬರಿಯ ನೀರಾದರೆ ಧೂಳು, ಎಲೆ ಬಿದ್ದು ಇರುವೆಗೆ ಸೇತುವೆಯಾಗುತ್ತದೆ. ಸೋಪಿದ್ದರೆ ತೇಲಲು ಆಗದೆ ಮುಳುಗುತ್ತವೆ. ತಟ್ಟೆಯ ಪಕ್ಕ ಹುಲ್ಲಿನ ಕಡ್ಡಿ ಟ್ರಂಕಿಗೆ ತಾಗದಂತೆ ಕಿತ್ತುಹಾಕಿ, ಅಷ್ಟು ಸಾಕು ಅವಕ್ಕೆ ದಾರಿ.

ಹತ್ತು ಲೀಟರಿನ ಅಲ್ಯೂಮಿನಿಯಂ ಹಾಲಿನ ಕ್ಯಾನು ಇದ್ದರೆ ಅಕ್ಕಿ ಬೇಳೆಗೆ ಚೆನ್ನ, ಕುತ್ತಿಗೆಯ ಕೊಂಡಿಗೂ ಮುಚ್ಚಳಕ್ಕೂ ಸೇರಿಸಿ ಬೋಲ್ಟು ಹಾಕಬಹುದು. ಇನ್ನು ಎಲ್ಲರೂ ಒಯ್ಯುವ, ಯಾರಿಗೂ ಹೊಳೆಯದ ಭದ್ರ ಪಾತ್ರೆ ಪ್ರೆಷರ್ ಕುಕ್ಕರು. ಮುಚ್ಚಳ ಪಾತ್ರೆಯ ಒಳಗಿನಿಂದ ಕೂರುವ ಬಗೆಯದ್ದಾದರೆ ಅದರ ಮೊಟ್ಟೆಯಾಕಾರದ ಬಾಯಿಯ ಲೆಕ್ಕ ಕೋತಿಗೆ ಸಿಗುವುದಿಲ್ಲ. ರಾತ್ರಿ ಉಳಿದದ್ದು, ನಾಳೆಗೆ ನೆನೆಹಾಕಿದ ಕಡಲೆ, ತೆರೆದ ಬ್ರೆಡ್ಡು ಅದರೊಳಗೆ. ವೆಯ್ಟ್ ಹಾಕಿಡಿ, ಇಲ್ಲದಿದ್ದರೆ ಆ ಸಣ್ಣ ತೂತಿನಿಂದ ಇರುವೆ ಇಳಿಯುತ್ತದೆ.

ತೂಗುಹಾಕುವುದು

ಮಜ್ಜಿಗೆ ಬೆಣ್ಣೆಯನ್ನು ಬೆಕ್ಕಿನಿಂದ ಉಳಿಸಲು ಜಂತೆಗೆ ನೆಲುವು ಕಟ್ಟುತ್ತಿದ್ದ ನಾಡು ನಮ್ಮದು, ಹೊಸ ವಿದ್ಯೆಯೇನಲ್ಲ. ಮರಕ್ಕೆ ಕಟ್ಟಿದ ನೆಲುವು ನಾಯಿ, ಹಂದಿ, ಮುಳ್ಳುಹಂದಿಯಿಂದ ಕಾಪಾಡುತ್ತದೆ. ಹಗಲಿನಲ್ಲಿ ಅದೇ ಕೋತಿಗೆ ಉಯ್ಯಾಲೆ. ಹಗ್ಗವನ್ನು ಕೈಕೈ ಎಳೆದು ಚೀಲವನ್ನು ಮೇಲಕ್ಕೆ ತಂದುಕೊಳ್ಳುತ್ತದೆ. ಆದ್ದರಿಂದ ತೂಗುವುದಾದರೆ ಕತ್ತಲಾದ ಮೇಲೆ ಏರಿಸಿ, ಬೆಳಕು ಹರಿಯುವ ಮೊದಲೇ ಇಳಿಸಿ. ಆರು ಗಂಟೆಗೆ ಏಳುವ ಅಭ್ಯಾಸ ಇಲ್ಲದ ತಂಡಕ್ಕೆ ಈ ಆಯ್ಕೆ ಬೇಡ.

ಅಳತೆ ಹೀಗೆ: 6 ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗ 15 ಮೀಟರು, ನೀರು ಹೊಗದ ಡ್ರೈಬ್ಯಾಗು, ಒಳಗೆ ಹೆಚ್ಚೆಂದರೆ 8 ಕಿಲೋ. ಕೊಂಬೆ ಮಣಿಕಟ್ಟಿಗಿಂತ ದಪ್ಪವಿರಲಿ, ಹಸಿಯದ್ದಾಗಿರಲಿ. ಕಾಲುಚೀಲದಲ್ಲಿ ಕಲ್ಲು ಕಟ್ಟಿ ಹಗ್ಗವನ್ನು ಕೊಂಬೆಯ ಮೇಲಿಂದ ಎಸೆಯಿರಿ. ಬರಿ ಕಲ್ಲು ಜಾರಿ ತಲೆಗೆ ಬರುತ್ತದೆ. ಚೀಲ ನೆಲದಿಂದ ನಾಲ್ಕು ಮೀಟರ್, ಕಾಂಡದಿಂದ ಎರಡು ಮೀಟರ್ ದೂರ, ಕೊಂಬೆಯಿಂದ ಕನಿಷ್ಠ ಒಂದು ಮೀಟರ್ ಕೆಳಗೆ. ಇಲಿ ಮತ್ತು ಪುನುಗಿನ ಬೆಕ್ಕಿಗೆ ತಡೆಯೆಂದು ಚೀಲದ ಮೇಲಿನ ಹಗ್ಗಕ್ಕೆ ನಡುವೆ ತೂತು ಕೊರೆದ ಊಟದ ಸ್ಟೀಲ್ ತಟ್ಟೆಯನ್ನು ಪೋಣಿಸಿ, ಅದರ ಕೆಳಗೊಂದು ಗಂಟು ಹಾಕಿ. ಹಡಗಿನ ಹಗ್ಗಕ್ಕೆ ಇಲಿ ಹತ್ತದಂತೆ ಹಾಕುವ ತಗಡೂ ಇದೇ. ತಟ್ಟೆ ಅಲ್ಲಾಡುತ್ತಿರಬೇಕು, ಬಿಗಿಯಾಗಿ ನಿಂತರೆ ಅದೇ ಮೆಟ್ಟಿಲು. ತಟ್ಟೆಯ ಮೇಲೆ ಒಂದು ಗೇಣು ಹಗ್ಗಕ್ಕೆ ವ್ಯಾಸಲೀನ್ ಬಳಿದರೆ ಇರುವೆ ಇಳಿಯುವುದಿಲ್ಲ. ಕೊಂಬೆಯಲ್ಲಿ ಚಗಳಿ, ಅಂದರೆ ಎಲೆ ಹೊಲಿಯುವ ಕೆಂಪಿರುವೆಯ, ಗೂಡಿದೆಯೇ ಎಂದು ಹಗಲೇ ನೋಡಿ. ಇದ್ದರೆ ಬೇರೆ ಮರ.

ಕರಡಿ ಇರುವ ಕಡೆ ಇದನ್ನು ನಂಬಬೇಡಿ, ಜೇನಿಗಾಗಿ ಮರ ಹತ್ತುವ ಪ್ರಾಣಿ ಅದು. ಅಮೆರಿಕದಲ್ಲೂ ಇದೇ ಪಾಠ ಕಲಿತು ಯೋಸೆಮಿಟಿಯ ಕಾಡಿನಲ್ಲಿ ರಾತ್ರಿ ತಂಗುವವರಿಗೆ ತೂಗುವುದನ್ನು ಬಿಡಿಸಿ, ಗಟ್ಟಿ ಪ್ಲಾಸ್ಟಿಕ್ಕಿನ ಕರಡಿ ಡಬ್ಬಿ ಕಡ್ಡಾಯ ಮಾಡಿದ್ದಾರೆ. ಅಲ್ಲಿರುವ ಕನ್ನಡಿಗರು ಊರಿಗೆ ಬರುವಾಗ ಅದನ್ನು ತರುವುದುಂಟು. ಒಳ್ಳೆಯದೇ, ಆದರೆ ಹನ್ನೊಂದು ಹನ್ನೆರಡು ಲೀಟರಿನ ಆ ಡಬ್ಬಿಗೆ ಅನ್ನ ಸಾರು ತಿನ್ನುವ ನಾಲ್ವರ ಸಾಮಾನು ಹಿಡಿಸುವುದಿಲ್ಲ.

ಕಾರು, ಐಸ್ ಬಾಕ್ಸು, ಟೆಂಟು

ಕಾರು ದಡದ ಹತ್ತಿರಕ್ಕೆ ಬರುವುದಾದರೆ ಹಗಲಿನಲ್ಲಿ ಅದಕ್ಕಿಂತ ಭದ್ರ ಜಾಗವಿಲ್ಲ. ಗಾಜು ನಾಲ್ಕು ಬೆರಳು ಇಳಿಸಿದ್ದರೂ ಕೋತಿ ಮರಿ ತೂರುತ್ತದೆ, ಪೂರ್ತಿ ಏರಿಸಿ. ಕ್ಯಾನ್ವಾಸ್ ಮುಚ್ಚಿಗೆಯ ಜೀಪು ಲೆಕ್ಕಕ್ಕಿಲ್ಲ. ಆನೆ ಓಡಾಡುವ ಕಡೆ ಬಾಳೆಗೊನೆ, ಹಲಸು, ಬೆಲ್ಲ ಕಾರಿನಲ್ಲಿ ಇಡಬೇಡಿ. ವಾಸನೆ ಹಿಡಿದು ಬಾಗಿಲು, ಗಾಜು ಮುರಿಯುವ ಆನೆಗಳಿವೆ.

ಐಸ್ ಬಾಕ್ಸಿನ ಮುಚ್ಚಳಕ್ಕೆ ಬೀಗವಿರುವುದಿಲ್ಲ. ಸುತ್ತ ಎರಡು ಸುತ್ತು ಬಕಲ್ ಪಟ್ಟಿ ಬಿಗಿದರೆ ಹಗಲು ಕಳೆಯುತ್ತದೆ. ಥರ್ಮಾಕೋಲ್ ಪೆಟ್ಟಿಗೆಯನ್ನು ಹೆಗ್ಗಣ ಸುಲಭವಾಗಿ ಕೊರೆಯುತ್ತದೆ, ಬಿಳಿ ಚೂರು ಹೊಳೆಯ ತುಂಬ. ಮೀನು ಮಾಂಸ ತಂದರೆ ಮೊದಲ ದಿನವೇ ಬೇಯಿಸಿ ಮುಗಿಸಿ.

ಟೆಂಟಿನೊಳಗೆ ಊಟದ ಸಾಮಾನು ಇಡುವುದು ಆಯ್ಕೆಯೇ ಅಲ್ಲ. ಒಂದು ಚಾಕೊಲೇಟಿಗಾಗಿ ಟೆಂಟು ಹರಿಯುತ್ತದೆ, ಅದರ ಒಳಗೆ ನೀವಿದ್ದರೆ ಇನ್ನೂ ಕೆಟ್ಟದ್ದು. ಸೋಪು, ಟೂತ್‌ಪೇಸ್ಟು, ಕೊಬ್ಬರಿ ಎಣ್ಣೆಯೂ ಡ್ರಮ್ಮಿಗೇ ಹೋಗಲಿ. ಇಲಿಗೆ ಅವೂ ಊಟವೇ.

ಯಾವ ಹೊಳೆಗೆ ಯಾವುದು

ಕಾಳಿ, ದಾಂಡೇಲಿ ಸುತ್ತ: ಬೋಲ್ಟು ಹಾಕಿದ ಡ್ರಮ್, ಅದೂ ದಡದಿಂದ ಮೇಲೆ, ಮರದ ಬೇರಿಗೆ ಎರಡು ಮೀಟರ್ ಹಗ್ಗದಿಂದ ಕಟ್ಟಿದ್ದು. ಇಲ್ಲಿ ಕೋತಿಯಷ್ಟೇ ಹುಷಾರಾಗಿರಬೇಕಾದ್ದು ಸೂಪಾ ಅಣೆಕಟ್ಟಿನ ಕೆಳಗೆ ಏರುವ ನೀರಿಗೆ. ರಾಫ್ಟಿಂಗಿಗೆ ಬರುವ ನೀರೇ ಅಣೆಕಟ್ಟಿನಿಂದ ಬಿಡುವ ನೀರು. ಸಂಜೆ ಒಣಗಿದ್ದ ಬಂಡೆ ಬೆಳಗ್ಗೆ ಕಾಣದಿರಬಹುದು. ಬಂಡೆಯ ಮೇಲಿನ ಹಸಿ ಕಸದ ಗೆರೆ ನೋಡಿ, ಅದಕ್ಕಿಂತ ಎರಡಾಳು ಮೇಲೆ ಇಡಿ. ಡ್ರಮ್ ತೇಲುತ್ತದೆ ಎಂಬುದು ನಿಜ, ತೇಲಿ ಎಲ್ಲಿಗೆ ಹೋಯಿತು ಎಂಬುದು ಬೇರೆ ಮಾತು.

ಕಾವೇರಿ, ಭೀಮೇಶ್ವರಿ, ಗಾಳಿಬೋರೆ ಸುತ್ತ: ಶಿಬಿರದವರ ಅಡುಗೆಮನೆಯಲ್ಲೇ ಸಾಮಾನು ಕೊಟ್ಟುಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಆನೆ, ಕೋತಿ, ಹಂದಿ ಮೂರೂ ಇರುವ ಜಾಗ, ಯಾವ ಡಬ್ಬಿಯೂ ಮೂರಕ್ಕೂ ಸಲ್ಲದು. ಕೋಣೆಗೆ ಬಿಸ್ಕೆಟ್ಟು ಕೂಡ ಒಯ್ಯಬೇಡಿ.

ತುಂಗಾ, ಭದ್ರಾ, ಶರಾವತಿ ಹಿನ್ನೀರು: ತೋಟದ ಮನೆಯ ಹತ್ತಿರವಾದರೆ ರಾತ್ರಿಗೆ ಡ್ರಮ್ಮನ್ನು ಮನೆಗೆ ಸಾಗಿಸಿ. ಜೊತೆಗೆ ಇನ್ನೊಂದು ಎಚ್ಚರ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಈ ಸೀಮೆಯಲ್ಲಿ ಡಿಸೆಂಬರಿನಿಂದ ಮೇವರೆಗೆ ಹೆಚ್ಚು, ಹರಡುವುದು ಉಣುಗಿನಿಂದ. ಹತ್ತಿರದಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ. ಗ್ರಾಮ ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ, ಜಾಗ ಬಿಟ್ಟು ಹೊರಡಿ. ಉಣುಗು ಓಡಿಸುವ ಡೆಪಾ ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಕಾಲಿಡಿ, ಒಣಗಿದೆಲೆಯ ಮೇಲೆ ಕೂರಬೇಡಿ.

ತುಂಗಭದ್ರಾ, ಆನೆಗೊಂದಿ ಕಡೆ: ಬಂಡೆ ಜಾಸ್ತಿ, ತೂಗಲು ಮರ ಕಡಿಮೆ. ಕೋತಿಗಳಿಗೆ ಮನುಷ್ಯರ ಭಯವೇ ಇಲ್ಲ, ಅಂಜನಾದ್ರಿಯ ನೆರಳು ನೋಡಿ! ಕಾರು ಅಥವಾ ಡ್ರಮ್, ಬೇರೆ ದಾರಿ ಇಲ್ಲ. ಹಿಡಿದ ಮೀನನ್ನು ಬಲೆಚೀಲದಲ್ಲಿ ನೀರಿಗೆ ಇಳಿಬಿಟ್ಟರೆ ನೀರುನಾಯಿ ತಿಂದು ಖಾಲಿ ಚೀಲ ಉಳಿಸುತ್ತದೆ.

ತುಂಬುವ ಕ್ರಮ

ಕಳ್ಳತನ ಆಗುವುದು ಮುಚ್ಚಿದ ಡ್ರಮ್ಮಿನಿಂದಲ್ಲ, ತೆರೆದಿಟ್ಟ ಡ್ರಮ್ಮಿನಿಂದ. ಉಪ್ಪಿಗೊಮ್ಮೆ, ಬೇಳೆಗೊಮ್ಮೆ ತೆರೆದು ಮುಚ್ಚುವ ಬದಲು ಹೊತ್ತಿಗೊಂದು ಗಂಟು ಕಟ್ಟಿ: ಒಂದು ಊಟಕ್ಕೆ ಬೇಕಾದ ಅಕ್ಕಿ, ಬೇಳೆ, ಪುಡಿ, ಉಪ್ಪು, ಒಗ್ಗರಣೆ ಸಾಮಾನು ಎಲ್ಲ ಒಂದೇ ಬಟ್ಟೆಚೀಲದಲ್ಲಿ. ಕೊನೆಯ ಊಟ ತಳಕ್ಕೆ, ಮೊದಲನೆಯದು ಮೇಲಕ್ಕೆ. ಡ್ರಮ್ ಹೊತ್ತಿಗೆ ಒಂದೇ ಸಲ ತೆರೆಯುತ್ತದೆ.

ನಾಲ್ವರು, ಎರಡು ರಾತ್ರಿ, ನಾಲ್ಕು ಊಟ ಎರಡು ತಿಂಡಿ ಎಂದುಕೊಂಡರೆ ಅಕ್ಕಿ 1.75 ಕಿಲೋ, ತೊಗರಿಬೇಳೆ ಅರ್ಧ ಕಿಲೋ, ಅವಲಕ್ಕಿ ಮತ್ತು ರವೆ ಅರ್ಧರ್ಧ ಕಿಲೋ, ಈರುಳ್ಳಿ 1.5 ಕಿಲೋ, ಆಲೂಗಡ್ಡೆ ಒಂದು, ಟೊಮೆಟೊ ಒಂದು ಕಿಲೋ, ಎಣ್ಣೆ ಅರ್ಧ ಲೀಟರು, ಹಾಲಿನ ಪುಡಿ ಕಾಲು ಕಿಲೋ, ಜೊತೆಗೆ ಸಕ್ಕರೆ, ಚಹಾಪುಡಿ, ಹುಣಸೆ, ಸಾರಿನ ಪುಡಿ. ಎಲ್ಲ ಸೇರಿ ಎಂಟೊಂಬತ್ತು ಕಿಲೋ, 30 ಲೀಟರಿನಲ್ಲಿ ಹಿಡಿದು ಜಾಗ ಉಳಿಯುತ್ತದೆ. ಪಟ್ಟಿಯಲ್ಲಿ ಬಾಳೆಹಣ್ಣು ಇಲ್ಲ ಎಂಬುದನ್ನು ಗಮನಿಸಿ. ಹಣ್ಣು ಬೇಕೇಬೇಕೆಂದರೆ ದಾರಿಯಲ್ಲೇ ತಿಂದು ಬನ್ನಿ. ಚಿಪ್ಸು, ಕುರುಕಲು ತಿಂಡಿಯನ್ನು ಮನೆಯಲ್ಲೇ ಪೊಟ್ಟಣ ಒಡೆದು ಸ್ಟೀಲ್ ಡಬ್ಬಿಗೆ ಸುರಿದುಕೊಳ್ಳಿ, ಸರಬರ ಸದ್ದು ನಿಲ್ಲುತ್ತದೆ.

ಒಲೆ ಟೆಂಟಿನಿಂದ ಐವತ್ತು ಅರವತ್ತು ಹೆಜ್ಜೆ ದೂರ, ಡ್ರಮ್ ಅಲ್ಲಿಂದ ಮತ್ತಷ್ಟು ದೂರ. ಅಡುಗೆ ಆಗುವಷ್ಟು ಹೊತ್ತು ಒಬ್ಬರು ಸುಮ್ಮನೆ ಕಾಯುವ ಕೆಲಸಕ್ಕೆ. ಕೈಯಲ್ಲಿ ಕೋಲಿರಲಿ, ಹೊಡೆಯಲಲ್ಲ, ನೆಲಕ್ಕೆ ಕುಟ್ಟಲು. ಕೋತಿಯ ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಹಲ್ಲು ಕಾಣುವಂತೆ ನಗಬೇಡಿ. ಅವಕ್ಕೆ ಅದು ಜಗಳದ ಕರೆ. ಒಯ್ದದ್ದನ್ನು ಕಿತ್ತುಕೊಳ್ಳಲು ಹೋಗಲೇಬೇಡಿ. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ರೇಬಿಸ್ ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೊರಡಿ.

ಎಂಜಲು ಮತ್ತು ಕಸ

ಡ್ರಮ್ ಎಷ್ಟೇ ಭದ್ರವಿರಲಿ, ಪಾತ್ರೆ ತೊಳೆದ ಜಾಗದಲ್ಲಿ ಅನ್ನದ ಅಗುಳು ಬಿದ್ದಿದ್ದರೆ ರಾತ್ರಿ ಹಂದಿ ಬರುವುದು ಖಚಿತ. ಹೂಳಿದರೆ ಅಗೆಯುತ್ತದೆ, ಸುಟ್ಟರೆ ಅರೆಬೆಂದ ವಾಸನೆ ಇನ್ನೂ ದೂರ ಹೋಗುತ್ತದೆ, ಬೇಸಿಗೆಯಲ್ಲಿ ಕಾಡಿಗೆ ಬೆಂಕಿಯ ಭಯ ಬೇರೆ. ಎಂಜಲನ್ನೆಲ್ಲ ಆ 20 ಲೀಟರಿನ ಬಕೆಟ್ಟಿಗೆ ಹಾಕಿ, ಮೇಲೆ ಒಂದು ಹಿಡಿ ಒಣ ಬೂದಿ ಉದುರಿಸಿ ಮುಚ್ಚಿ, ಊರಿಗೆ ಒಯ್ಯಿರಿ. ಪಾತ್ರೆ ತೊಳೆದ ನೀರನ್ನು ಬಟ್ಟೆಯಲ್ಲಿ ಸೋಸಿ, ಅಗುಳನ್ನು ಬಕೆಟ್ಟಿಗೆ, ನೀರನ್ನು ದಡದಿಂದ ದೂರ ಚೆಲ್ಲಿ.

ಮೀನಿನ ಕರುಳು, ಕೋಳಿಯ ಪುಕ್ಕವನ್ನು ನೀರಿಗೆ ಎಸೆದು ಕೈತೊಳೆದುಕೊಳ್ಳುವ ರೂಢಿ ಇದೆ. ದಾಂಡೇಲಿಯ ಕಾಳಿಯಲ್ಲೂ ಕಾವೇರಿಯಲ್ಲೂ ಮೊಸಳೆಗಳಿವೆ. ಒಂದೇ ಜಾಗದಲ್ಲಿ ದಿನವೂ ಕರುಳು ಬಿದ್ದರೆ ಆ ಜಾಗ ಅದಕ್ಕೆ ಗೊತ್ತಾಗುತ್ತದೆ, ಮರುದಿನ ಬೆಳಗ್ಗೆ ಅಲ್ಲೇ ಕೊಡ ಮುಳುಗಿಸಲು ಬಗ್ಗುವವರು ನೀವು. ಮಡುವಿನ ಬದಿ ಬಿಟ್ಟು, ತಳ ಕಾಣುವ ತೆಳುನೀರಿನಲ್ಲಿ ಪಾತ್ರೆ ತುಂಬಿ, ಪ್ರತಿಸಲ ಬೇರೆ ಕಡೆ.

ಆನೆ

ಆನೆ ಹೊಳೆಗೆ ಇಳಿಯುವ ದಾರಿ ಗುರುತಿಸುವುದು ಕಷ್ಟವಲ್ಲ: ಇಳಿಜಾರಿನಲ್ಲಿ ಸವೆದ ಅಗಲ ಜಾಡು, ಲದ್ದಿ, ಮೈ ಉಜ್ಜಿ ಮಣ್ಣು ಮೆತ್ತಿದ ಮರ, ಸಿಪ್ಪೆ ಸುಲಿದ ಕೊಂಬೆ. ಅಂಥ ಕಡೆ ಯಾವ ಡ್ರಮ್ಮೂ ಬೇಡ, ಟೆಂಟೂ ಬೇಡ. ನೀಲಿ ಡ್ರಮ್ಮನ್ನು ಅದು ಕಾಲಲ್ಲಿ ಒತ್ತಿ ಒಡೆಯುತ್ತದೆ, ನಾಲ್ಕು ಮೀಟರಿನ ನೆಲುವು ಸೊಂಡಿಲಿಗೆ ಸುಲಭವಾಗಿ ನಿಲುಕುವ ಎತ್ತರ. ಉಪ್ಪು, ಬೆಲ್ಲ, ಬಾಳೆ, ಹಲಸು, ಅಕ್ಕಿ ಈ ಐದನ್ನೂ ಆನೆ ಹುಡುಕಿಕೊಂಡು ಬರುತ್ತದೆ. ಅದರಲ್ಲಿ ಅಕ್ಕಿ, ಉಪ್ಪು ಬಿಟ್ಟು ಅಡುಗೆ ಆಗದು, ಆದ್ದರಿಂದ ಆನೆಸೀಮೆಯಲ್ಲಿ ಅಡುಗೆಯನ್ನೇ ಬಿಡಿ. ಚಪಾತಿ ಪಲ್ಯ ಕಟ್ಟಿಸಿಕೊಂಡು ಹೋಗಿ, ಕತ್ತಲಾಗುವ ಮೊದಲು ತಿಂದು ಮುಗಿಸಿ, ರಾತ್ರಿ ಗೋಡೆಯಿರುವ ಕಟ್ಟಡದಲ್ಲಿ ಮಲಗಿ.

ಆದರೂ ಬಂದೇಬಿಟ್ಟರೆ ಟಾರ್ಚನ್ನು ಕಣ್ಣಿಗೆ ಬಿಡಬೇಡಿ, ಪಟಾಕಿ ಹಚ್ಚಬೇಡಿ, ಡ್ರಮ್ ಎಳೆದುಕೊಳ್ಳಲು ಓಡಬೇಡಿ. ಗಾಳಿ ಎತ್ತ ಬೀಸುತ್ತಿದೆ ನೋಡಿ, ನಿಮ್ಮ ವಾಸನೆ ಅದಕ್ಕೆ ಸಿಗದ ಕಡೆಗೆ ಎಲ್ಲರೂ ಒಟ್ಟಾಗಿ, ಸದ್ದಿಲ್ಲದೆ, ಹೊಳೆಗೆ ಅಡ್ಡವಾಗಿ ನಿಲ್ಲದೆ ಸರಿಯಿರಿ. ನೀರಿಗೂ ಆನೆಗೂ ನಡುವೆ ಸಿಕ್ಕಿಕೊಳ್ಳಬಾರದು. ಅಕ್ಕಿ ಹೋದರೆ ಹೋಗಲಿ. ಬೆಳಗಾದ ಮೇಲೆ ಬಂದು ಉಳಿದದ್ದನ್ನೂ ಒಡೆದ ಡ್ರಮ್ಮಿನ ಚೂರುಗಳನ್ನೂ ಆರಿಸಿಕೊಂಡು, ಅರಣ್ಯ ಇಲಾಖೆಯವರಿಗೆ ತಿಳಿಸಿ ಹೊರಡಿ. ಒಮ್ಮೆ ಅಕ್ಕಿ ಸಿಕ್ಕ ಜಾಗಕ್ಕೆ ಅದು ಮತ್ತೆ ಬರುತ್ತದೆ, ಅವತ್ತಿನ ರಾತ್ರಿ ಅಲ್ಲಿ ಮಲಗುವವರು ಬೇರೆಯವರಿರಬಹುದು.